‘2 ಟನ್’ ಸ್ಟಿಕ್ಕರ್ ನಂಬಿ ತಂತಿ ಬಿಗಿಯಲು ಹೋದೆ, ಚಿಕ್ಕಪ್ಪನ ಅಂಗೈಗೆ ಏಳು ಹೊಲಿಗೆ ಬಿತ್ತು

ಆನ್‌ಲೈನಿನಲ್ಲಿ ಬೇಲಿ ತಂತಿ ಬಿಗಿಯುವ ಕೈ ಮಿಷನ್ ಹುಡುಕುತ್ತಿದ್ದೀರಾ? ಕೆಂಪು ಬಣ್ಣ, ಆ ಕಡೆ ಈ ಕಡೆ ಎರಡು ಕೊಕ್ಕೆ, ಮಧ್ಯೆ ತಂತಿಹಗ್ಗ ಸುತ್ತುವ ಉರುಳೆ, ಹಲ್ಲಿನ ಚಕ್ರ, ಅದು ಹಿಂದಕ್ಕೆ ತಿರುಗದಂತೆ ಹಿಡಿಯುವ ಲಾಕ್, ಉದ್ದದ ಹಿಡಿ, ಮೇಲೆ ‘2 ಟನ್’ ಅಂತ ಒಂದು ಸ್ಟಿಕ್ಕರ್. ಅದನ್ನೇ ನೋಡಿಟ್ಟಿದ್ದರೆ ಇದನ್ನು ಓದಿ ಮುಗಿಸುವ ತನಕ ದುಡ್ಡು ಕಟ್ಟಬೇಡಿ. ನಾನು ಕಟ್ಟಿದೆ. ನನ್ನ ಬಲಗೈ ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಚಿಕ್ಕಪ್ಪ ಒಂದೂವರೆ ತಿಂಗಳು ಎಡಗೈಯಲ್ಲೇ ಊಟ ಮಾಡಿದರು.

ನಮ್ಮದು ತಿಪಟೂರು ಕಡೆ ಎರಡೂವರೆ ಎಕರೆ ತೆಂಗಿನ ತೋಟ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುವವನು, ಶನಿವಾರ ಭಾನುವಾರದ ರೈತ. ತೋಟ ನೋಡಿಕೊಳ್ಳುವುದೆಲ್ಲ ಚಿಕ್ಕಪ್ಪ. ಏಳು ವರ್ಷದ ಹಿಂದೆ ಸುತ್ತಲೂ ಕಲ್ಲುಕಂಬ ನೆಡಿಸಿ ಐದು ಸಾಲು ಮುಳ್ಳುತಂತಿ ಎಳೆಸಿದ್ದೆವು. ತೆಂಗಿನ ತೋಟದ ಬೇಲಿ ಹಾಳಾಗುವುದಕ್ಕೆ ಬೇರೆ ಶತ್ರು ಬೇಡ, ಮೇಲಿಂದ ಬೀಳುವ ಗರಿಯೇ ಸಾಕು. ಒಂದೊಂದು ಗರಿ ಬಿದ್ದಾಗಲೂ ತಂತಿ ಇಷ್ಟಿಷ್ಟೇ ಜೋಲುತ್ತದೆ. ಜೊತೆಗೆ ದನ ಮೈ ಉಜ್ಜುತ್ತವೆ, ಹುಡುಗರು ತಂತಿ ಅಗಲಿಸಿ ನುಸುಳುತ್ತಾರೆ. ದಾರಿ ಕಡೆಯ ನೂರು ಅಡಿ ಎಷ್ಟು ಸಡಿಲವಾಗಿತ್ತು ಅಂದರೆ ಕೆಳಗಿನ ಸಾಲು ನೆಲಕ್ಕೆ ತಾಗುತ್ತಿತ್ತು. ರಾತ್ರಿ ಹಂದಿ ಬಂದು ಅಡಿಕೆ ಸಸಿ ಬುಡ ಕೆದಕಿ ಹೋಗುತ್ತಿದ್ದವು.

ಬೇಲಿ ಹಾಕಿದ್ದ ಮೇಸ್ತ್ರಿಗೆ ಫೋನ್ ಮಾಡಿದೆ. “ನೂರಡಿಗೆಲ್ಲ ಆಳು ಕರ್ಕೊಂಡು ಬಂದ್ರೆ ನಂಗೇನ್ ಉಳೀತದೆ ಸ್ವಾಮಿ? ಪೂರ್ತಿ ಬೇಲಿ ಮಾಡ್ಸೋದಾದ್ರೆ ಹೇಳಿ, ಬತ್ತೀನಿ” ಅಂದರು. ಅವರ ಮಾತೂ ಸರಿಯೇ. ಆದರೆ ನನಗೆ ರೇಗಿತು. ಅದೇ ರಾತ್ರಿ ಮೊಬೈಲಿನಲ್ಲಿ ಹುಡುಕಿ ಈ ಮಿಷನ್ ತರಿಸಿದೆ. 1,350 ರೂಪಾಯಿ. ಐದಕ್ಕೆ ನಾಲ್ಕೂವರೆ ಸ್ಟಾರ್ ಇತ್ತು. ಆ ಸ್ಟಾರ್ ಕೊಟ್ಟವರು ಬರೆದದ್ದನ್ನು ಓದಿದ್ದು ಎಲ್ಲ ಮುಗಿದ ಮೇಲೆ. ‘ಪ್ಯಾಕಿಂಗ್ ಚೆನ್ನಾಗಿದೆ’, ‘ಬೇಗ ಬಂತು’, ‘ಇನ್ನೂ ಬಳಸಿಲ್ಲ, ನೋಡಲು ಗಟ್ಟಿ ಇದೆ’. ಒಬ್ಬರಾದರೂ ತಂತಿ ಎಳೆದು ನೋಡಿ ಬರೆದಿರಲಿಲ್ಲ.

ಡಬ್ಬಿ ಬಿಚ್ಚಿದಾಗಲೇ ಅನುಮಾನ ಬರಬೇಕಿತ್ತು. ಮಾಡಿದವರ ಹೆಸರಿಲ್ಲ, ವಿಳಾಸವಿಲ್ಲ, ಹೇಗೆ ಬಳಸಬೇಕು ಅನ್ನುವ ಒಂದು ಚೀಟಿಯೂ ಇಲ್ಲ. ಫೋಟೋದಲ್ಲಿ ತಂತಿಯನ್ನು ಕಚ್ಚಿ ಹಿಡಿಯುವ ಕ್ಲಾಂಪ್ ಇತ್ತು, ಡಬ್ಬಿಯಲ್ಲಿರಲಿಲ್ಲ. ನಾನು ಸುಮ್ನೆ ಒಂದು ಸಣ್ಣ ಚೈನನ್ನು ತಂತಿಗೆ ಸುತ್ತಿ, ಮುಳ್ಳಿಗೆ ಸಿಗಿಸಿ ಕೆಲಸ ಶುರು ಮಾಡಿದೆ.

ಏಪ್ರಿಲ್ ತಿಂಗಳ ಭಾನುವಾರ, ಹನ್ನೊಂದು ಗಂಟೆ ಬಿಸಿಲು. ಒಂದು ಕೊಕ್ಕೆ ಮೂಲೆಕಂಬಕ್ಕೆ ಸುತ್ತಿದ ಚೈನಿಗೆ, ಇನ್ನೊಂದು ತಂತಿಗೆ ಹಾಕಿದ ಚೈನಿಗೆ. ನಾನು ಹಿಡಿ ಎಳೆಯುವುದು, ತಂತಿ ಬಿಗಿಯಾದ ಮೇಲೆ ಅದರ ತುದಿಯನ್ನು ಚಿಕ್ಕಪ್ಪ ಕಂಬಕ್ಕೆ ಸುತ್ತಿ ಕಟಿಂಗ್ ಪ್ಲೇಯರಿನಲ್ಲಿ ತಿರುಚುವುದು. ಟಕ್, ಟಕ್, ಟಕ್. ಮೊದಲ ಸಾಲು ಹತ್ತು ನಿಮಿಷಕ್ಕೆ ಮುಗಿಯಿತು. ಬೆರಳಲ್ಲಿ ಮೀಟಿದರೆ ಟಿಂಗ್ ಅನ್ನುತ್ತಿತ್ತು. “ಲೇ, ತಂಬೂರಿ ಆಗೋಯ್ತಲ್ಲೋ!” ಅಂದರು ಚಿಕ್ಕಪ್ಪ. ನನಗೆ ಎಲ್ಲಿಲ್ಲದ ಹೆಮ್ಮೆ. ಎರಡನೇ ಸಾಲು ಬಿಗಿಯುವಾಗ ಮೂಲೆಕಂಬ ಒಳಗೆ ಎರಡು ಬೆರಳಷ್ಟು ವಾಲಿದ್ದನ್ನು ಕಣ್ಣಾರೆ ನೋಡಿದೆ. ನೋಡಿಯೂ ಬಿಟ್ಟೆ.

ಮೂರನೇ ಸಾಲಿಗೆ ಬರುವ ಹೊತ್ತಿಗೆ ಹಲ್ಲಿನ ಚಕ್ರದ ಕೆಳಗೆ ಏನೋ ಮಿಣ ಮಿಣ ಹೊಳೆಯುತ್ತಿತ್ತು. ಬೆರಳಿಟ್ಟು ನೋಡಿದೆ, ನುಣ್ಣನೆಯ ಕಬ್ಬಿಣದ ಪುಡಿ. ಹೊಸ ಮಿಷನ್ ಅಲ್ವಾ, ಪೇಂಟ್ ಉದುರುತ್ತಿರಬೇಕು ಅಂದುಕೊಂಡೆ. ಪೇಂಟ್ ಕೆಂಪು, ಪುಡಿ ಬಿಳಿ. ಅಷ್ಟೂ ತಲೆಗೆ ಹೋಗಲಿಲ್ಲ.

ನಾಲ್ಕನೇ ಸಾಲು. ಹಿಡಿಯನ್ನು ಒಂದು ಸಲ ಎಳೆದಾಗ ‘ಟಕ್’ ಶಬ್ದ ಬರಲಿಲ್ಲ. ಹಿಡಿ ಮಾತ್ರ ಮುಂದೆ ಬಂತು. ಮತ್ತೆ ಎಳೆದೆ, ಟಕ್ ಅಂತು. ಸರಿ ಅಂತ ನಿಲ್ಲಿಸಿ “ಕಟ್ಟು ಚಿಕ್ಕಪ್ಪ” ಅಂದೆ. ಅವರು ಅಷ್ಟು ಹೊತ್ತಿಗೆ ಗ್ಲೌಸ್ ತೆಗೆದಿಟ್ಟಿದ್ದರು. ಗ್ಲೌಸ್ ಹಾಕಿಕೊಂಡರೆ ತಂತಿ ತಿರುಚುವುದಕ್ಕೆ ಹಿಡಿತ ಸಿಗುವುದಿಲ್ಲ, ಅದು ಮಾಡಿದವರಿಗೆಲ್ಲ ಗೊತ್ತು. ತುದಿಯನ್ನು ಕಂಬಕ್ಕೆ ಒಂದು ಸುತ್ತು ತಂದು ಎಡಗೈಯಲ್ಲಿ ಪ್ಲೇಯರ್ ಎತ್ತಿಕೊಳ್ಳಲು ಬಗ್ಗಿದರು. ಬಲಗೈ ತಂತಿಯ ಮೇಲಿತ್ತು.

ಆಗ ಲಾಕ್ ಜಾರಿತು. ಚಕ್ರ ಭರ್ ಅಂತ ಹಿಂದಕ್ಕೆ ತಿರುಗಿತು, ಹಿಡಿ ಎದ್ದು ಬಂದು ನನ್ನ ಮಣಿಕಟ್ಟಿಗೆ ಹೊಡೆಯಿತು. ಬಿಗಿದಿದ್ದ ತಂತಿ ಸಡಿಲಾಗುತ್ತ ಚಿಕ್ಕಪ್ಪನ ಮುಷ್ಟಿಯೊಳಗಿಂದ ಒಂದು ಅಡಿಗೂ ಜಾಸ್ತಿ ಓಡಿತು. ಮೂರು ಇಂಚಿಗೊಂದು ಮುಳ್ಳು. ಲೆಕ್ಕ ನೀವೇ ಹಾಕಿಕೊಳ್ಳಿ. ಅವರು ಕೂಗಲೂ ಇಲ್ಲ. ಅಂಗೈ ನೋಡಿಕೊಂಡು, ಹೆಗಲ ಮೇಲಿನ ಟವೆಲ್ ಸುತ್ತಿ, “ಗಾಡಿ ತೆಗಿ” ಅಂದರು. ನನ್ನ ಬಲಗೈ ಏಳುತ್ತಿರಲಿಲ್ಲ. ಪಕ್ಕದ ತೋಟದ ಹುಡುಗ ಕಾರು ಓಡಿಸಿದ.

ಆಸ್ಪತ್ರೆಯಲ್ಲಿ ಗಾಯ ತೊಳೆಯುವುದಕ್ಕೇ ಅರ್ಧ ಗಂಟೆ ಹಿಡಿಯಿತು. ತುಕ್ಕಿನ ಪುಡಿ, ಮಣ್ಣು, ಎಲ್ಲ ಒಳಗೆ ಹೋಗಿತ್ತು. ಟಿಟಿ ಇಂಜೆಕ್ಷನ್ ಕೊನೆಗೆ ಯಾವಾಗ ತಗೊಂಡಿದ್ರಿ ಅಂತ ಡಾಕ್ಟರ್ ಕೇಳಿದರೆ ಚಿಕ್ಕಪ್ಪನಿಗೆ ನೆನಪೇ ಇಲ್ಲ. ತಂತಿ, ಸಗಣಿ, ಮಣ್ಣಿನ ಜೊತೆ ಕೆಲಸ ಮಾಡುವವರು ಇದೊಂದನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ.

ಮಾರಿದವರಿಗೆ ಬರೆದೆ. ವಾಪಸ್ ಕೊಡುವ ಏಳು ದಿನ ಕಳೆದಿದೆ ಅಂತ ಉತ್ತರ. ಫೋಟೋ ಕಳಿಸಿದೆ, ಅದೇ ಉತ್ತರ. ಮೂರನೇ ಸಲ ಉತ್ತರವೂ ಇಲ್ಲ. ಈ ಭಾಗ ಇಷ್ಟೇ.

ಕೈಗೆ ಪಟ್ಟಿ ಹಾಕಿಕೊಂಡೇ ಮಿಷನ್ ತೆಗೆದುಕೊಂಡು ನಮ್ಮೂರ ಹತ್ತಿರದ ಲೇತ್ ಅಂಗಡಿಗೆ ಹೋದೆ. ಅಲ್ಲಿನವರು ಪಿನ್ನು ಬಡಿದು ಬಿಚ್ಚಿದರು. ಹಿಂದಕ್ಕೆ ತಿರುಗದಂತೆ ಚಕ್ರದ ಹಲ್ಲಿಗೆ ಸಿಕ್ಕಿಕೊಳ್ಳುವ ತುಂಡನ್ನು ವೈಸಿಗೆ ಕಚ್ಚಿಸಿ ಅರ ತಗೊಂಡು ಒಂದೇ ಸಲ ಉಜ್ಜಿದರು. ಅಂಚು ಸುರುಳಿಯಾಗಿ ಎದ್ದು ಬಂತು. ಆಮೇಲೆ ತಮ್ಮ ಹಳೇ ಚೈನ್ ಪುಲ್ಲಿಯ ಲಾಕಿಗೆ ಅದೇ ಅರ ಹಾಕಿದರು. ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರಿತು, ಗೀರು ಕೂಡ ಬೀಳಲಿಲ್ಲ. “ಇದು ಹಲ್ಲಲ್ಲ ಸಾರ್, ಬೆಲ್ಲ” ಅಂದರು. ಕಾಯಿಸಿ ಹದ ಮಾಡಿದ ಉಕ್ಕಾದರೆ ಅರಕ್ಕೆ ಜಗ್ಗುವುದಿಲ್ಲ. ಇದು ಹದವೇ ಕಾಣದ ಮೆತ್ತನೆ ಕಬ್ಬಿಣ. ಪ್ರತಿ ಎಳೆತಕ್ಕೂ ಹಲ್ಲಿನ ತುದಿ ಸವೆದು ದುಂಡಾಗುತ್ತ ಬಂದಿದೆ. ನಾನು ನೋಡಿದ ಬಿಳಿ ಪುಡಿ ಅದೇ. ಟಕ್ ಅನ್ನದೆ ಹೋದ ಆ ಒಂದು ಎಳೆತದಲ್ಲೇ ಲಾಕ್ ಹಲ್ಲಿನ ತುದಿಯಲ್ಲಿ ನೇತಾಡುತ್ತಿತ್ತು. ಲಾಕನ್ನು ಒತ್ತಿ ಹಿಡಿಯುವ ಸ್ಪ್ರಿಂಗ್ ಅಂತೂ ಬಾಲ್‌ಪೆನ್ನಿನ ಸ್ಪ್ರಿಂಗಿಗಿಂತ ಸ್ವಲ್ಪ ದಪ್ಪ, ಅಷ್ಟೇ.

ಇನ್ನು ಆ ‘2 ಟನ್’ ವಿಷಯ. ಅಷ್ಟು ಶಕ್ತಿ ನಿಜವಾಗಿ ಇದ್ದಿದ್ದರೂ ಬೇಲಿಗೆ ಅದರಿಂದ ಏನು ಉಪಯೋಗ? 12 ಗೇಜ್ ತಂತಿ ಅಂದರೆ ಸುಮಾರು 2.6 ಮಿಲಿಮೀಟರ್ ದಪ್ಪ, 14 ಗೇಜ್ ಅಂದರೆ 2 ಮಿಲಿಮೀಟರ್. ಗೇಜ್ ನಂಬರ್ ಜಾಸ್ತಿಯಾದಷ್ಟೂ ತಂತಿ ಸಣ್ಣ, ಅಂಗಡಿಯಲ್ಲಿ ಇದನ್ನು ಉಲ್ಟಾ ತಿಳಿದುಕೊಂಡು ಮೋಸ ಹೋಗುವವರಿದ್ದಾರೆ. ಸಾಮಾನ್ಯ ಮೆತ್ತನೆ ಉಕ್ಕಿನ ಮುಳ್ಳುತಂತಿಯಲ್ಲಿ ಹೆಣೆದ ಎರಡು ಎಳೆ ಸೇರಿದರೆ 12 ಗೇಜಿನದು ಹೆಚ್ಚುಕಡಿಮೆ 400 ಕೆಜಿ ಎಳೆತಕ್ಕೆ ತುಂಡಾಗುತ್ತದೆ, 14 ಗೇಜಿನದು 250ಕ್ಕೇ. ಅದೂ ಹೊಸ ತಂತಿ. ಏಳು ವರ್ಷ ಮಳೆ ತಿಂದದ್ದಕ್ಕೆ ಇನ್ನೂ ಕಡಿಮೆ. ಈಗ ಹಿಡಿಯ ಲೆಕ್ಕ ನೋಡಿ. ಹಿಡಿ 30 ಸೆಂಟಿಮೀಟರ್, ತಂತಿಹಗ್ಗ ಸುತ್ತುವ ಉರುಳೆಯ ನಡುವಿನಿಂದ ಅಂಚಿಗೆ 2 ಸೆಂಟಿಮೀಟರ್ ಅಂದರೆ ಕೈ ಬಲ ಹದಿನೈದು ಪಟ್ಟಾಗುತ್ತದೆ. ನೀವು 20 ಕೆಜಿ ಬಲ ಹಾಕಿದರೆ ತಂತಿಗೆ 300 ಕೆಜಿ. ತಿಕ್ಕಾಟದಲ್ಲಿ ಸ್ವಲ್ಪ ಹೋದರೂ, ಒಂದೇ ಕೈಯಲ್ಲಿ ಆರಾಮಾಗಿ ಎಳೆಯುತ್ತ ತಂತಿಯನ್ನು ತುಂಡಾಗುವ ಹಂತಕ್ಕೆ ಒಯ್ಯಬಹುದು. ಕೈಗೆ ಏನೂ ಗೊತ್ತಾಗುವುದಿಲ್ಲ. ನಮ್ಮದು 14 ಗೇಜ್ ತಂತಿ. ಅವತ್ತು ಲಾಕ್ ಜಾರದೆ ತಂತಿಯೇ ಹರಿದಿದ್ದರೆ ಅದು ಹಾವಿನ ಹಾಗೆ ಸುರುಳಿ ಸುತ್ತಿಕೊಂಡು ಮುಖಕ್ಕೇ ಬರುತ್ತಿತ್ತು ಅಂತ ಮೇಸ್ತ್ರಿ ಹೇಳಿದರು.

ಹೌದು, ಕೊನೆಗೆ ಅದೇ ಮೇಸ್ತ್ರಿಯನ್ನು ಕರೆಸಿ ಪೂರ್ತಿ ಬೇಲಿ ಮಾಡಿಸಿದೆ. ಅವರ ಹತ್ತಿರ ಇದ್ದದ್ದು ಒಂದು ಹಾರೆ. ತಂತಿಯನ್ನು ಹಾರೆಗೆ ಎರಡು ಸುತ್ತು ಹಾಕಿ, ಹಾರೆಯ ತುದಿಯನ್ನು ಕಂಬದ ಬೆನ್ನಿಗೆ ಆನಿಸಿ, ಮೈಭಾರ ಬಿಟ್ಟು ಮೆಲ್ಲಗೆ ಹಿಂದಕ್ಕೆ ವಾಲಿದರು. ಇನ್ನೊಬ್ಬ ಆಳು ಕಟ್ಟಿದ. ಅಷ್ಟೇ. ಜಾರಿದರೂ ಹಾರೆ ಒಂದು ಗೇಣು ಹಿಂದೆ ಬರುತ್ತದೆಯೇ ಹೊರತು ಗಿರಗಿರ ತಿರುಗಿ ಹೊಡೆಯುವುದಿಲ್ಲ. ತಂತಿ ಎಷ್ಟು ಬಿಗಿಯಾಯಿತು ಅಂತ ಅವರ ಸೊಂಟಕ್ಕೇ ತಿಳಿಯುತ್ತದೆ. ಬಿಗಿದ ಮೇಲೆ ಎರಡು ಕಂಬದ ನಡುವೆ ಕೈಯಿಟ್ಟು ಒತ್ತಿ ತೋರಿಸಿದರು, ಎರಡು ಬೆರಳಷ್ಟು ಬಗ್ಗಿತು. “ಇಷ್ಟು ಸಾಕು. ನೀವು ಮಾಡಿದ್ದು ಹೆಣ ಬಿಗಿದಂಗೆ ಆಗ್ಯದೆ” ಅಂದರು.

ನಾನು ಬಿಗಿದಿದ್ದು ಸುಡು ಬಿಸಿಲಲ್ಲಿ ಬೇರೆ. ನೂರು ಅಡಿ ತಂತಿ 25 ಡಿಗ್ರಿ ತಣ್ಣಗಾದರೆ ಸುಮಾರು 9 ಮಿಲಿಮೀಟರ್ ಕುಗ್ಗುತ್ತದೆ. ಎರಡೂ ತುದಿ ಕಟ್ಟಿರುವಾಗ ಕುಗ್ಗಲು ಜಾಗವಿಲ್ಲ, ಆ ಎಳೆತವೆಲ್ಲ ಕಂಬದ ಮೇಲೆ. ಏಪ್ರಿಲ್ ಮಧ್ಯಾಹ್ನ ತಂಬೂರಿಯಂತೆ ಬಿಗಿದದ್ದು ಡಿಸೆಂಬರ್ ಬೆಳಗಿನ ಜಾವಕ್ಕೆ ಮೂಲೆಕಲ್ಲನ್ನೇ ಕಿತ್ತುಕೊಳ್ಳಬಹುದಿತ್ತು. ನಮ್ಮ ಮೂಲೆಕಂಬಕ್ಕೆ ಒಂದು ಕಡೆ ಓರೆಯಾಗಿ ಆನಿಸಿದ್ದ ಆಸರೆ ಕಲ್ಲು ಯಾವಾಗಲೋ ಬಿದ್ದುಹೋಗಿತ್ತು. ಮೇಸ್ತ್ರಿ ಮೊದಲು ಮಾಡಿದ್ದೇ ಅದನ್ನು ಮತ್ತೆ ನಿಲ್ಲಿಸಿ ಕಾಂಕ್ರೀಟ್ ಹಾಕಿದ್ದು. ಒಂದು ವಾರ ನೀರು ಹಾಕಿಸಿ, ಆಮೇಲೆ ತಂತಿ ಮುಟ್ಟಿದರು. ನಾನಾಗಿದ್ದರೆ ಮಾರನೇ ದಿನವೇ ಎಳೆಯುತ್ತಿದ್ದೆ.

ಎಲ್ಲ ಮಿಷನ್ನೂ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಸೋಲಾರ್ ಬೇಲಿಯ ನುಣುಪು ತಂತಿಗೆ ಅಲ್ಲೇ ಬಿಟ್ಟುಬಿಡುವ ಸಣ್ಣ ಟೆನ್ಷನರ್ ಬರುತ್ತದೆ, ಅದರ ದಾರಿ ಬೇರೆ. ಎಳೆಯುವ ಮಿಷನ್ ಬೇಕೇ ಬೇಕು ಅಂದರೆ ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದು ನೋಡಿ ತನ್ನಿ. ಲಾಕ್ ಹಲ್ಲಿನ ಬುಡದ ತನಕ ಕೂರಬೇಕು, ತುದಿಯಲ್ಲಿ ನಿಲ್ಲಬಾರದು. ಹಿಡಿ ಅಲ್ಲಾಡಿಸಿದರೆ ಚಕ್ರ ಪಕ್ಕಕ್ಕೆ ಹೊಯ್ದಾಡಬಾರದು. ಕೊಕ್ಕೆಗೆ ಬಾಯಿ ಮುಚ್ಚುವ ನಾಲಗೆ ಇರಬೇಕು. ಅಂಗಡಿಯವರು ಒಪ್ಪಿದರೆ ಲಾಕಿನ ಮೂಲೆಗೆ ಅರ ತಾಗಿಸಿ ನೋಡಿ, ಒಪ್ಪದಿದ್ದರೆ ಬೇರೆ ಅಂಗಡಿ ನೋಡಿ. ಸಡಿಲಿಸುವುದು ಹೇಗೆ ಅಂತ ಅಲ್ಲೇ ಮಾಡಿಸಿ. ಬಿಗಿಯುವುದನ್ನು ಎಲ್ಲರೂ ತೋರಿಸುತ್ತಾರೆ. ಭಾರ ಇದ್ದಾಗ ಒಂದೊಂದೇ ಹಲ್ಲು ಇಳಿಸಿ ಬಿಡಲು ಬರುವುದಿಲ್ಲ ಅಂದರೆ ಅದನ್ನು ಮುಟ್ಟಲೇಬೇಡಿ. ಕೆಲಸ ಮಾಡುವಾಗ ಹಿಡಿ ತಿರುಗುವ ದಾರಿಯಲ್ಲಿ ಕೈ, ಮುಖ ಇರಬಾರದು. ಕಟ್ಟುವವರು ಕಂಬದ ಆಚೆ ನಿಲ್ಲಬೇಕು, ಕೈಗೆ ಚರ್ಮದ ಗ್ಲೌಸ್ ಇರಲೇಬೇಕು. ತಂತಿ ತಿರುಚಲು ಹಿಡಿತ ಸಿಗದಿದ್ದರೆ ಪ್ಲೇಯರಿನಲ್ಲೇ ಹಿಡಿದು ಸುತ್ತಲಿ, ಲೇಟಾದರೆ ಆಗಲಿ.

ಚಿಕ್ಕಪ್ಪನ ಕೈ ಈಗ ಪರವಾಗಿಲ್ಲ. ಕಿರುಬೆರಳು ಪೂರ್ತಿ ಮಡಚುವುದಿಲ್ಲ, ಮಚ್ಚು ಹಿಡಿದು ಎಳನೀರು ಕೆತ್ತುವಾಗ ಗೊತ್ತಾಗುತ್ತದೆ ಅನ್ನುತ್ತಾರೆ.

ಲೇತ್ ಅಂಗಡಿಯವರು ಮಿಷನ್ನನ್ನು ಮತ್ತೆ ಜೋಡಿಸಿ ಕೊಟ್ಟಿದ್ದರು. ಪಂಪ್‌ಸೆಟ್ ಮನೆಯ ಮೊಳೆಗೆ ನೇತು ಹಾಕಿದ್ದೆ. ಹೋದ ತಿಂಗಳು ಪಕ್ಕದ ತೋಟದವರು ಬಂದು, “ಆ ಕೆಂಪು ಮಿಷನ್ ಒಂದಿನ ಕೊಡು ಮಗ, ಗೇಟಿನ ಹತ್ರ ತಂತಿ ಎಳ್ಕಂಡು ಕೊಡ್ತೀನಿ” ಅಂದರು. ನಡೆದದ್ದೆಲ್ಲ ಅವರಿಗೆ ಗೊತ್ತು. ಅವರ ಮಗನೇ ಅವತ್ತು ಕಾರು ಓಡಿಸಿದ್ದು. ಆದರೂ “ನಾನು ಮೆಲ್ಲಗೆ ಎಳೀತೀನಿ ಬಿಡು” ಅಂದರು. ನಾನು ಹ್ಯಾಕ್ಸಾ ಬ್ಲೇಡ್ ತಂದು ಅವರ ಮುಂದೆಯೇ ಎರಡೂ ಕೊಕ್ಕೆ ಕೊಯ್ದು ಹಾಕಿದೆ. ಎರಡಕ್ಕೂ ಸೇರಿ ಐದು ನಿಮಿಷ ಹಿಡಿಯಲಿಲ್ಲ.