ಒಂದು ಮಾರು, ಒಂದು ಮೊಳ: ಆರು ವರ್ಷ ಬಳಸಿದ ಕಡಲ ಕಯಾಕ್ ಹುಟ್ಟಿನ ಬಗ್ಗೆ

ಸಿಯಾಟಲ್ ಸುತ್ತಮುತ್ತಲಿನ ನಮ್ಮ ಕನ್ನಡದ ಬಳಗದಲ್ಲಿ ಕಯಾಕ್ ಎಂಬ ಸಪುರ ದೋಣಿ ಕೊಳ್ಳುವವರು ಈಚೆಗೆ ಹೆಚ್ಚಾಗಿದ್ದಾರೆ. ದೋಣಿಯನ್ನು ಆರಿಸಲು ಮೂರು ತಿಂಗಳು ತಲೆ ಕೆಡಿಸಿಕೊಳ್ಳುವವರು, ಎರಡೂ ತುದಿಗೆ ಅಲಗಿರುವ ಹುಟ್ಟನ್ನು (ಪ್ಯಾಡಲ್) ಮಾತ್ರ ಬಿಲ್ ಮಾಡಿಸುವ ಹೊತ್ತಿಗೆ, ಗೋಡೆಗೆ ಒರಗಿಸಿಟ್ಟ ಸಾಲಿನಿಂದ ಒಂದನ್ನು ಎತ್ತಿಕೊಂಡು ಬರುತ್ತಾರೆ. ನಾನೂ ಹಾಗೆಯೇ ತಂದಿದ್ದೆ; ಎರಡು ವರ್ಷ ಭುಜನೋವು ಅನುಭವಿಸಿದೆ. 2019ರ ಏಪ್ರಿಲ್‌ನಲ್ಲಿ ಕೊಂಡ ಎರಡನೆಯ ಹುಟ್ಟು, ವರ್ನರ್ ಕಂಪನಿಯ ಕಮೇನೋ, ಇವತ್ತಿಗೂ ನನ್ನ ಕೈಯಲ್ಲಿದೆ. "ಅಕ್ಕ, ಯಾವ ಪ್ಯಾಡಲ್ ತೆಗೆದುಕೊಳ್ಳಲಿ?" ಎಂದು ಕೇಳುವ ಎಲ್ಲರಿಗೂ ಒಂದೇ ಕಡೆ ಉತ್ತರ ಬರೆದಿಡೋಣ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಎತ್ತರ 158 ಸೆಂಟಿಮೀಟರ್, ದೋಣಿಯ ಅಗಲ 55 ಸೆಂಟಿಮೀಟರ್. ಮೊದಲ ಹುಟ್ಟಿನ ಉದ್ದ 240. ಅಲ್ಯೂಮಿನಿಯಂ ಕೋಲು, ಪ್ಲಾಸ್ಟಿಕ್ ಅಲಗು, ತೂಕ 1,100 ಗ್ರಾಂ. ಉದ್ದವಿದ್ದಷ್ಟೂ ಬಲ ಹೆಚ್ಚು ಎಂದು ಆಗ ನಂಬಿದ್ದೆ. ಆದದ್ದೇ ಬೇರೆ. ಅಲಗು ದೋಣಿಯಿಂದ ದೂರದಲ್ಲಿ ನೀರಿಗೆ ಇಳಿಯುತ್ತಿತ್ತು. ಎಳೆದಾಗ ದೋಣಿ ಮುಂದೆ ಹೋಗುವ ಬದಲು ಮೂತಿಯನ್ನು ಆಚೆ ತಿರುಗಿಸುತ್ತಿತ್ತು. ಬಲಕ್ಕೆ ಒಂದು, ಎಡಕ್ಕೆ ಒಂದು ಎಂದು ಹುಟ್ಟು ಹಾಕುತ್ತಾ ಹಾವಿನಂತೆ ಸಾಗುತ್ತಿದ್ದೆ. ಚಳಿಗಾಲದಲ್ಲಿ ಇಲ್ಲಿಯ ಕಡಲತೋಳು ಪ್ಯೂಜೆಟ್ ಸೌಂಡ್‌ನ ನೀರು 8 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುತ್ತದೆ. ಆ ನೀರು ಅಲ್ಯೂಮಿನಿಯಂ ಕೋಲಿನ ಮೇಲೆ ಹರಿದು ಬಂದಾಗ ಬೆರಳುಗಳು ಮರಗಟ್ಟಿ, ದಡಕ್ಕೆ ಬಂದ ಮೇಲೆ ಜೀವರಕ್ಷಕ ಕವಚದ ಜಿಪ್ ಎಳೆಯಲೂ ಆಗುತ್ತಿರಲಿಲ್ಲ. ಕೊನೆಗೆ ಒಂದು ದಿನ ಕಲ್ಲು ತುಂಬಿದ ದಡದಲ್ಲಿ ದೋಣಿ ಹತ್ತುವಾಗ ಹುಟ್ಟನ್ನು ಬೆನ್ನ ಹಿಂದೆ ಅಡ್ಡವಿಟ್ಟು ಅದರ ಮೇಲೆ ಮೈಭಾರ ಬಿಟ್ಟೆ. ಕೋಲು ಮಧ್ಯಕ್ಕೆ ಬಾಗಿತು. ಆಮೇಲೆ ನೆಟ್ಟಗಾಗಲೇ ಇಲ್ಲ.

ಹೊಸದನ್ನು ಕೊಳ್ಳುವ ಮೊದಲು ಸಿಯಾಟಲ್ ಊರೊಳಗಿನ ಸರೋವರ ಲೇಕ್ ಯೂನಿಯನ್‌ನಲ್ಲಿ ಒಂದು ಸಂಜೆಯ ತರಗತಿಗೆ ಹೋದೆ. ಕಲಿಸುವವರು ಹುಟ್ಟಿನ ಬಗ್ಗೆ ಏನೂ ಹೇಳಲಿಲ್ಲ. "ಅರ್ಧ ಗಂಟೆ ನಿಮ್ಮ ಪಾಡಿಗೆ ಹೋಗಿ ಬನ್ನಿ, ನಿಮ್ಮ ಮೇಲಿನ ಕೈ ಎಲ್ಲಿರುತ್ತದೆ ಎಂದು ನೋಡಿಕೊಳ್ಳಿ" ಎಂದರು. ಆಯ್ಕೆಯ ಬುಡ ಇರುವುದು ಅಲ್ಲಿಯೇ. ಮೇಲಿನ ಕೈ ಎದೆಯ ಮಟ್ಟದಲ್ಲಿ, ಭುಜಕ್ಕಿಂತ ಕೆಳಗೆ ಸಾಗುತ್ತಿದ್ದರೆ ನಿಮ್ಮದು ಕೆಳಕೋನದ ಹುಟ್ಟು. ಅದಕ್ಕೆ ನೀಳವಾದ, ಕಿರಿದಾದ ಅಲಗು ಬೇಕು. ಕೈ ಕಣ್ಣಿನ ಮಟ್ಟಕ್ಕೆ ಏರಿ, ಕೋಲು ನೆಟ್ಟಗೆ ನಿಂತು, ಅಲಗು ದೋಣಿಯ ಮಗ್ಗುಲಲ್ಲೇ ಇಳಿಯುತ್ತಿದ್ದರೆ ಮೇಲುಕೋನದ್ದು. ಅದಕ್ಕೆ ಗಿಡ್ಡ, ಅಗಲ ಅಲಗು, ಐದು ಹತ್ತು ಸೆಂಟಿಮೀಟರ್ ಕಡಿಮೆ ಉದ್ದದ ಕೋಲು. ಮೊದಲನೆಯದು ದಿನವಿಡೀ ನಡೆಯುವ ನಡಿಗೆ, ಎರಡನೆಯದು ಓಟ. ದ್ವೀಪದಿಂದ ದ್ವೀಪಕ್ಕೆ ನಿಧಾನವಾಗಿ ಹೋಗಿ, ಬುತ್ತಿ ಬಿಚ್ಚಿ ಉಂಡು ಬರುವ ನನಗೆ ನಡಿಗೆಯೇ ಸಾಕು.

ಕಮೇನೋ ಕೆಳಕೋನಕ್ಕಾಗಿಯೇ ಮಾಡಿದ, ಮಧ್ಯಮ ಗಾತ್ರದ ಅಲಗಿನ ಹುಟ್ಟು. ಇದನ್ನು ಮಾಡುವ ಕಂಪನಿ ಇದೇ ವಾಷಿಂಗ್ಟನ್ ರಾಜ್ಯದ ಸುಲ್ತಾನ್ ಎಂಬ ಸಣ್ಣ ಊರಿನದು; ಕಮೇನೋ ಎಂಬ ದ್ವೀಪವೂ ಇಲ್ಲೇ ಉತ್ತರಕ್ಕಿದೆ. ನಾನು ತೆಗೆದುಕೊಂಡದ್ದು 220 ಸೆಂಟಿಮೀಟರಿನದು, ಫೈಬರ್‌ಗ್ಲಾಸ್ ಅಲಗು, ತೂಕ ಸುಮಾರು 800 ಗ್ರಾಂ. ಆಗ ಬೆಲೆ ಮುನ್ನೂರು ಡಾಲರ್ ಹತ್ತಿರ ಇತ್ತು. ಬೆಲೆ ಕೇಳಿ ಎದೆ ಝಲ್ಲೆಂದಿತ್ತು. ಆದರೆ ಲೆಕ್ಕ ನೋಡಿ: ನಾನು ಎಣಿಸಿದಂತೆ ನಿಮಿಷಕ್ಕೆ ಐವತ್ತು ಸಲವಾದರೂ ಹುಟ್ಟು ಹಾಕುತ್ತೇನೆ, ಗಂಟೆಗೆ ಮೂರು ಸಾವಿರ. ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ 300 ಗ್ರಾಂ. ಗುಣಿಸಿದರೆ ಗಂಟೆಗೆ 900 ಕಿಲೋ. ಪ್ರತಿ ಸಲವೂ ಇಡೀ ಭಾರವನ್ನು ಎತ್ತುವುದಿಲ್ಲ, ನಿಜ. ಆದರೂ ನಾಲ್ಕು ಗಂಟೆ ಕಳೆದ ಮೇಲೆ ಆ ವ್ಯತ್ಯಾಸ ಭುಜಕ್ಕೆ ಗೊತ್ತಾಗುತ್ತದೆ. ಕಾರ್ಬನ್‌ನದು ಇನ್ನೂ ಹಗುರ, ಆದರೆ ಬೆಲೆ ಬಹಳ ಮೇಲೆ ಹೋಗುತ್ತದೆ. ಅಳತೆ ತಪ್ಪಿದ ಕಾರ್ಬನ್‌ಗಿಂತ ಅಳತೆ ಒಪ್ಪಿದ ಫೈಬರ್‌ಗ್ಲಾಸ್ ಎಷ್ಟೋ ಮೇಲು.

ಅಲಗನ್ನು ಹತ್ತಿರದಿಂದ ನೋಡಿ. ಎಳೆಯುವ ಮುಖದ ನಡುವೆ ಉದ್ದಕ್ಕೂ ಒಂದು ತೆಳುವಾದ ಏಣು ಇರುತ್ತದೆ. ನೀರು ಅದರ ಎರಡೂ ಕಡೆಗೆ ಸಮನಾಗಿ ಸರಿದುಹೋಗುವುದರಿಂದ ಅಲಗು ಕೈಯಲ್ಲಿ ಪಟಪಟ ನಡುಗುವುದಿಲ್ಲ. ಅಲಗಿನ ಒಂದು ಅಂಚು ಉದ್ದ, ಇನ್ನೊಂದು ಗಿಡ್ಡ. ಗಿಡ್ಡ ಅಂಚು ಕೆಳಗಿರಬೇಕು. ಹೊಸಬರು ಇದನ್ನು ತಿರುವುಮುರುವಾಗಿ ಹಿಡಿದು ಗಂಟೆಗಟ್ಟಲೆ ಒದ್ದಾಡುವುದನ್ನು ಸಿಯಾಟಲ್‌ನ ಆಲ್ಕಿ ದಂಡೆಯಲ್ಲಿ ಎಷ್ಟೋ ಸಲ ಕಂಡು ಸರಿಪಡಿಸಿದ್ದೇನೆ.

ಇನ್ನು ಎರಡು ಅಲಗುಗಳ ನಡುವಿನ ತಿರುವು. ನನಗೆ ಅತಿ ಹೆಚ್ಚು ಪಾಠ ಕಲಿಸಿದ್ದು ಇದೇ. ಕೋಲಿನ ನಡುವಿನ ಕೀಲಿನಲ್ಲಿ ಗುಂಡಿ ಒತ್ತಿ ಒಂದು ಅಲಗನ್ನು ಇನ್ನೊಂದಕ್ಕೆ 15, 30, 45, 60 ಡಿಗ್ರಿ ಹೀಗೆ ತಿರುಗಿಸಿಡಬಹುದು. ಗಾಳಿಗೆದುರಾಗಿ ಹೋಗುವಾಗ ನೀರಿನಿಂದ ಮೇಲೆದ್ದ ಅಲಗು ಗಾಳಿಗೆ ಮುಖ ಕೊಡದೆ ಅಂಚು ಕೊಡಲಿ ಎಂಬುದು ಉದ್ದೇಶ. ಮೊದಲ ವರ್ಷ 60ಕ್ಕೆ ಇಟ್ಟುಕೊಂಡಿದ್ದೆ. ಕೋಲನ್ನು ತಿರುಗಿಸುವ ಹಿಡಿತದ ಕೈ ಬಲಗೈ; ಎಡಕ್ಕೆ ಹುಟ್ಟು ಹಾಕುವ ಪ್ರತಿ ಸಲವೂ ಬಲ ಮಣಿಕಟ್ಟು ಹಿಂದಕ್ಕೆ ಮಡಚಿಕೊಳ್ಳಬೇಕು. ಆಗಸ್ಟ್ ಹೊತ್ತಿಗೆ ಹೆಬ್ಬೆರಳಿನ ಬುಡದಿಂದ ಮೊಣಕೈ ಕಡೆಗೆ ಒಂದು ಎಳೆತ ಶುರುವಾಯಿತು. ಚಪಾತಿ ಲಟ್ಟಿಸುವಾಗಲೂ ಚುಳುಕ್ ಎನ್ನುತ್ತಿತ್ತು. ಆರು ವಾರ ನೀರಿಗಿಳಿಯಲಿಲ್ಲ. ಮತ್ತೆ ಇಳಿದಾಗ ಸೊನ್ನೆಗೆ ಇಟ್ಟೆ, ಕೆಲವು ತಿಂಗಳ ಮೇಲೆ 30ಕ್ಕೆ ಬಂದೆ, ಈಗಲೂ ಅಲ್ಲೇ ಇದ್ದೇನೆ. ಇನ್ನೊಂದು ಮಾತು: ಗಾಳಿ ಮಗ್ಗುಲಿನಿಂದ ಬೀಸುವಾಗ ಹೆಚ್ಚು ತಿರುಗಿಸಿದ ಅಲಗು ಹಾಯಿಪಟದಂತೆ ಗಾಳಿ ಹಿಡಿಯುತ್ತದೆ. ಬ್ಲೇಕ್ ದ್ವೀಪದಿಂದ ಆಲ್ಕಿಗೆ ಮರಳುವಾಗ ಒಮ್ಮೆ ದಕ್ಷಿಣದ ಗಾಳಿ ಎದ್ದಿತ್ತು. ನೀರಿನ ಮೇಲೆಯೇ ಗುಂಡಿ ಒತ್ತಿ ಸೊನ್ನೆಗೆ ತಂದುಕೊಂಡೆ. ತಿರುವನ್ನು ಬದಲಿಸಬಹುದಾದ ಕೀಲು ಎಷ್ಟು ಬೆಲೆಯುಳ್ಳದ್ದು ಎಂದು ಆ ದಿನ ತಿಳಿಯಿತು.

ಕೋಲಿನ ದಪ್ಪವನ್ನು ಯಾರೂ ಕೇಳುವುದಿಲ್ಲ; ಆದರೆ ವಿಶೇಷವಾಗಿ ಹೆಂಗಸರು ಕೇಳಲೇಬೇಕು. ಕಡಿಮೆ ದಪ್ಪದ ಕೋಲು ಬೇಕೆಂದು ಕೇಳಿದರೆ ಸಿಗುತ್ತದೆ. ಹೆಬ್ಬೆರಳು, ತೋರುಬೆರಳು ಸೇರಿ ಸಡಿಲವಾದ ಬಳೆಯಾಗಬೇಕು. ನೂಕುವಾಗ ಉಳಿದ ಬೆರಳುಗಳು ಬಿಚ್ಚಿಕೊಳ್ಳುವಂತಿರಬೇಕು. ದಪ್ಪ ಕೋಲನ್ನು ಸಣ್ಣ ಕೈ ಬಿಗಿಯಾಗಿ ಹಿಡಿಯುತ್ತದೆ. ಬಿಗಿ ಹಿಡಿದ ಕೈ ಬೇಗ ಸೋಲುತ್ತದೆ.

ಆರು ವರ್ಷದಲ್ಲಿ ಈ ಹುಟ್ಟಿಗೆ ಆದ ಹಾನಿಯೆಲ್ಲ ನನ್ನ ಕೈಯಿಂದಲೇ. ಬಾರ್ನಕಲ್ ಚಿಪ್ಪು ಕಟ್ಟಿದ ಬಂಡೆಗಳಿಗೆ ತಾಗಿಸಿ ಅಲಗಿನ ತುದಿ ಎರಡು ಕಡೆ ಚಕ್ಕೆ ಎದ್ದಿದೆ. ಉಪ್ಪುಕಾಗದದಲ್ಲಿ ಉಜ್ಜಿ ಎಪಾಕ್ಸಿ ಅಂಟು ಹಚ್ಚಿದ್ದೇನೆ. ಒಮ್ಮೆ ಪ್ರವಾಸದಿಂದ ಬಂದು, ದಣಿದಿದ್ದರಿಂದ ಬಿಚ್ಚದೆ ಗ್ಯಾರೇಜಿನಲ್ಲಿ ಇಟ್ಟುಬಿಟ್ಟೆ. ಎರಡು ವಾರದ ಮೇಲೆ ಕೀಲಿನೊಳಗೆ ಉಪ್ಪು ಹರಳುಗಟ್ಟಿ ಎರಡು ತುಂಡುಗಳೂ ಕಚ್ಚಿಕೊಂಡಿದ್ದವು. ಬಿಸಿನೀರು ಹೊಯ್ದು, ನಾನೊಂದು ತುದಿ, ಗಂಡ ಒಂದು ತುದಿ ಹಿಡಿದು ನಿಧಾನವಾಗಿ ತಿರುಚುತ್ತಾ ಬಿಡಿಸಲು ಒಂದು ಗಂಟೆ ಹಿಡಿಯಿತು. ಅಂದಿನಿಂದ ಮನೆಗೆ ಬಂದೊಡನೆ ಬಿಚ್ಚಿ, ಕೀಲಿನ ಒಳಗೂ ಹೊರಗೂ ಸಿಹಿನೀರು ಬಿಟ್ಟು ತೊಳೆದು, ಬೇರೆಬೇರೆಯಾಗಿ ಒಣಗಿಸುತ್ತೇನೆ. ಎಣ್ಣೆ, ಗ್ರೀಸ್ ಹಚ್ಚಬೇಡಿ. ಮರಳು ಅಂಟಿಕೊಂಡು ಕೀಲನ್ನು ತಿನ್ನುತ್ತದೆ.

ಇದು ಎಲ್ಲ ನೀರಿಗೂ ಸಲ್ಲುವ ಹುಟ್ಟಲ್ಲ. ಗಿಡ್ಡ, ಕಡಿದಾದ ತೆರೆಗಳ ನಡುವೆ ತಟ್ಟನೆ ಒಂದು ಬಲವಾದ ಹಿಡಿತ ಬೇಕಾದಾಗ ನೀಳ ಅಲಗು ಸ್ವಲ್ಪ ತಡವಾಗಿ ಕಚ್ಚುತ್ತದೆ. ಕಿರಿದಾದ ಜಲಸಂಧಿ ಡಿಸೆಪ್ಶನ್ ಪಾಸ್‌ನಂತಹ ಕಡೆ ಉಬ್ಬರ ಇಳಿತದ ಸೆಳೆತ 8 ನಾಟ್ (ಗಂಟೆಗೆ ಸುಮಾರು 15 ಕಿಲೋಮೀಟರ್) ತಲುಪುವುದುಂಟು. ಅಲ್ಲಿ ಆಡುವವರು ಮೇಲುಕೋನದ ಅಗಲ ಅಲಗನ್ನೇ ಹಿಡಿಯುತ್ತಾರೆ, ಅದು ಸರಿ.

ಊರಿಗೆ ಹೋದಾಗಲೂ ಇದನ್ನು ಒಯ್ದು ನೋಡಿದೆ. ಎರಡು ತುಂಡು ಮಾಡಿದರೆ ತಲಾ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು, ಸ್ಕೀ ಚೀಲದಲ್ಲಿ ಕೂರುತ್ತದೆ. ನನ್ನೂರು ಗಂಗೊಳ್ಳಿ, ಐದು ನದಿಗಳು ಕೂಡಿ ಕಡಲು ಸೇರುವ ಅಳಿವೆಯ ಊರು. ಅಲ್ಲಿಂದ ಸಾಲಿಗ್ರಾಮದ ಪಾರಂಪಳ್ಳಿಗೆ ಹೋಗಿ, ಸೀತಾ ನದಿಯ ಹಿನ್ನೀರಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಬಾಡಿಗೆಯ ಕಯಾಕ್ ಏರಿದೆ. ಮೇಲೆ ಕೂರುವ ಬಗೆಯ, ಅಗಲವಾದ ಪ್ಲಾಸ್ಟಿಕ್ ದೋಣಿ. ನನ್ನ 220ರ ಹುಟ್ಟು ಅಲ್ಲಿ ಗಿಡ್ಡವಾಯಿತು: ನೀರು ಮುಟ್ಟಲು ಮಗ್ಗುಲಿಗೆ ವಾಲಬೇಕು, ಬೆರಳ ಗೆಣ್ಣು ದೋಣಿಯ ಅಂಚಿಗೆ ತಾಗುತ್ತಿತ್ತು. ಅಂತಹ ದೋಣಿಗೆ 230, 240 ಬೇಕೇ ಬೇಕು. ಇಲ್ಲಿ ನನಗೆ ಕಾಟ ಕೊಟ್ಟ ಅದೇ ಉದ್ದ ಅಲ್ಲಿ ಸರಿಹೊಂದುತ್ತದೆ. ಆದ್ದರಿಂದ ನನ್ನ ಸಂಖ್ಯೆಯನ್ನು ನಕಲು ಮಾಡಬೇಡಿ. ನಿಮ್ಮ ದೋಣಿಯಲ್ಲಿ ಕುಳಿತು, ಅಲಗು ಪೂರ್ತಿ ಮುಳುಗಿ ಕೋಲು ನೀರಿನ ಮೇಲೆಯೇ ಉಳಿಯುತ್ತದೆಯೇ ನೋಡಿ.

ಈಗ ನನ್ನ ಮೂರನೆಯ ಹುಟ್ಟಿನ ವಿಷಯ. 2022ರ ಚಳಿಗಾಲದಲ್ಲಿ ಗ್ರೀನ್‌ಲ್ಯಾಂಡ್ ಬಗೆಯ ಮರದ ಹುಟ್ಟನ್ನು ನಾನೇ ಕೆತ್ತಿದೆ. ಗ್ರೀನ್‌ಲ್ಯಾಂಡಿನ ಇನುಯಿಟ್ ಜನರು ಕಡಲು ತಂದು ಹಾಕಿದ ಮರದಲ್ಲಿ ಮಾಡಿಕೊಳ್ಳುತ್ತಿದ್ದ ಸಪುರ ಅಲಗಿನ ಹುಟ್ಟು ಅದು. ಅದರ ಉದ್ದದ ಸೂತ್ರ ಓದಿದಾಗ ಮೈ ಜುಮ್ಮೆಂದಿತು: ಎರಡೂ ಕೈ ಚಾಚಿದಷ್ಟು, ಅದರ ಮೇಲೆ ಮೊಣಕೈಯಿಂದ ಬೆರಳ ತುದಿಯಷ್ಟು. ಅಂದರೆ ಒಂದು ಮಾರು, ಒಂದು ಮೊಳ! ನಮ್ಮ ಪೇಟೆಯಲ್ಲಿ ಮಲ್ಲಿಗೆ ಅಳೆಯುವ ಅಳತೆ. ಅಲಗಿನ ಅಗಲ ನಮ್ಮ ಹಿಡಿಗೆ ಸಿಕ್ಕುವಷ್ಟು. ಹುಟ್ಟು ಯಾರದೋ ಅವರ ಮೈಯೇ ಅದನ್ನು ಅಳೆಯುತ್ತದೆ, ಅಂಗಡಿಯ ಪಟ್ಟಿ ಬೇಕಿಲ್ಲ. ನನ್ನದು ಎರಡು ಮೀಟರ್ ಬಂತು. ಇಲ್ಲಿಯದೇ ಕೆಂಪು ಸೀಡರ್ ಹಲಗೆ ತಂದು, ಎಳೆ ನೇರವಾಗಿರುವುದನ್ನು ನೋಡಿಕೊಂಡು, ಮೂರು ವಾರಾಂತ್ಯ ಹತ್ತರಿ ಹೊಡೆದೆ. ಮೊದಲ ಸಲ ನೀರಿಗಿಟ್ಟಾಗ ಅಲಗು ತುಯ್ದಾಡಿತು. ಮೇಲಂಚನ್ನು ತುಸು ಮುಂದಕ್ಕೆ ಬಾಗಿಸಿ ಹಿಡಿದರೆ ಶಾಂತವಾಗಿ ಸಾಗುತ್ತದೆ ಎಂದು ಆಮೇಲೆ ಕಲಿತೆ. ತಣ್ಣನೆಯ ದಿನಗಳಲ್ಲಿ ಮರದ ಸ್ಪರ್ಶ ಬೆಚ್ಚಗೆ. ಮಗುಚಿದಾಗ ತೇಲಿ ಏಳಲು ಇದರಷ್ಟು ಸುಲಭ ಬೇರೊಂದಿಲ್ಲ. ಆದರೂ ಉದ್ದದ ದಾರಿಗೆ ಕಮೇನೋ ಕೈಯಲ್ಲಿರುತ್ತದೆ, ಮರದ್ದು ದೋಣಿಯ ಮೇಲೆ ಹಗ್ಗದ ಕೆಳಗೆ ಬದಲಿ ಹುಟ್ಟಾಗಿ ಕೂರುತ್ತದೆ. ಬದಲಿ ಹುಟ್ಟಿಲ್ಲದೆ ದಡ ಬಿಟ್ಟು ದೂರ ಹೋಗಬೇಡಿ.

ಆಲ್ಕಿಯ ಕಡೆ ನೀರಿಗಿಳಿಯುವವರು ಯಾವುದಾದರೂ ಶನಿವಾರ ಬೆಳಿಗ್ಗೆ ಬಂದು ನನ್ನ ಎರಡೂ ಹುಟ್ಟುಗಳನ್ನು ಒಂದೊಂದು ಗಂಟೆ ಹಿಡಿದು ನೋಡಬಹುದು. ನಿಮ್ಮ ದೋಣಿಯನ್ನು ತನ್ನಿ. ಕಮೇನೋವನ್ನು ಮರಳಿಸುವಾಗ ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು ಕೊಡಿ.