ನೆತ್ತಿಯ ಗುಂಡಿ: ಒಮ್ಮಾಯಾ ರಿಸರ್ವಾಯರ್ ಜೊತೆ 14 ತಿಂಗಳು

"25ನೇ ನಂಬರ್ ಸೂಜಿ ಕೊಡಿ ಸಿಸ್ಟರ್" ಎಂದು ಡಾಕ್ಟರ್ ಕೈ ಚಾಚಿದಾಗ ನನ್ನ ಎದೆ ಧಸಕ್ಕೆಂದಿತು. ನಾನು ಟೈಲರ್. ನಮ್ಮ ಲೆಕ್ಕದಲ್ಲಿ 11 ಅಂದರೆ ತೆಳು ಬಟ್ಟೆಗೆ, 16 ಅಂದರೆ ಪ್ಯಾಂಟಿಗೆ, 18 ಅಂದರೆ ಜೀನ್ಸು, ಕ್ಯಾನ್ವಾಸು. ನಂಬರ್ ಏರಿದಷ್ಟೂ ಸೂಜಿ ದಪ್ಪ. ಹಾಗಾದರೆ 25? ಅದೂ ನೆತ್ತಿಗೆ? ಮಂಚದ ಕಂಬಿ ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿಕೊಂಡೆ. ಇರುವೆ ಕಚ್ಚಿದ ಹಾಗಾಯಿತು, ಅಷ್ಟೇ. ಆಸ್ಪತ್ರೆಯ ಸೂಜಿಗಳ ಲೆಕ್ಕ ಉಲ್ಟಾ ಅಂತ ಆಮೇಲೆ ಗೊತ್ತಾಯಿತು. ಅವರಲ್ಲಿ ನಂಬರ್ ಏರಿದಷ್ಟೂ ಸೂಜಿ ಸಣ್ಣ. ನನ್ನ 11ನೇ ನಂಬರಿನದು ಮುಕ್ಕಾಲು ಮಿಲಿಮೀಟರ್ ದಪ್ಪ, ಅವರ 25ನೆಯದು ಹೆಚ್ಚು ಕಡಿಮೆ ಅರ್ಧ.

ಆ ಸೂಜಿ ಇಳಿಯುವ ಜಾಗದ ಬಗ್ಗೆ ಈ ರಿವ್ಯೂ. ಅದರ ಹೆಸರು ಒಮ್ಮಾಯಾ ರಿಸರ್ವಾಯರ್, ಮೆದುಳಿನ ನೀರಿಗೆ ನೇರ ಔಷಧ ಬಿಡಲು ತಲೆಯ ಚರ್ಮದಡಿ ಇಡುವ ಪುಟ್ಟ ಸಾಧನ. ಮನೆಯಲ್ಲಿ ನಾವು ಕರೆಯುವುದು ಗುಂಡಿ ಅಂತ, ಅಂಗಿಯ ಗುಂಡಿಯ ಹಾಗೆ. 14 ತಿಂಗಳಿಂದ ನನ್ನ ತಲೆಯಲ್ಲಿದೆ, 24 ಸಲ ಚುಚ್ಚಿಸಿಕೊಂಡಿದ್ದೇನೆ. ಹಾಕಿಸುವ ಮುಂಚೆ ನಾನು ಹುಡುಕಿದ್ದೇ ಹುಡುಕಿದ್ದು. ಸಿಕ್ಕಿದ್ದೆಲ್ಲ ಡಾಕ್ಟರುಗಳು ಡಾಕ್ಟರುಗಳಿಗೆ ಬರೆದದ್ದು. ತಲೆಯಲ್ಲಿ ಇಟ್ಟುಕೊಂಡು ಓಡಾಡುವವರು ಬರೆದದ್ದು ಒಂದೂ ಸಿಗಲಿಲ್ಲ.

ಆಪರೇಷನ್‌ಗೆ ಎರಡು ದಿನ ಮುಂಚೆ ಡಾಕ್ಟರ್ ಒಂದು ಸ್ಯಾಂಪಲ್ ಕೈಗೆ ಕೊಟ್ಟರು. ಸಿಲಿಕೋನಿನ ಪುಟ್ಟ ಗುಮ್ಮಟ. ಕೋಟಿನ ಬಟನ್‌ನಷ್ಟು ಅಗಲ, ಒತ್ತಿದರೆ ತಗ್ಗುತ್ತದೆ, ಬಿಟ್ಟರೆ ಮತ್ತೆ ಉಬ್ಬುತ್ತದೆ. ಅಡಿಯಿಂದ ಒಂದು ಮೆತ್ತನೆಯ ಸಣ್ಣ ನಳಿಗೆ. ಅದೇ ಕ್ಯಾತಿಟರ್. ಹಣೆಯ ಬಲಗಡೆ, ಕೂದಲು ಶುರುವಾಗುವ ಗೆರೆಗಿಂತ ಸ್ವಲ್ಪ ಹಿಂದೆ, ಬುರುಡೆಗೆ ತೂತು ಮಾಡುತ್ತಾರೆ. ನಳಿಗೆ ಮೆದುಳಿನೊಳಗೆ ಬೆರಳುದ್ದ ಇಳಿದು, ನೀರು ತುಂಬಿದ ಒಂದು ಕೋಣೆಯಲ್ಲಿ ನಿಲ್ಲುತ್ತದೆ. ಗುಮ್ಮಟ ಬುರುಡೆಯ ಮೇಲೆ, ಚರ್ಮದ ಕೆಳಗೆ ಕೂರುತ್ತದೆ. ಹೊರಗೆ ಕಾಣುವುದು ಒಂದು ಉಬ್ಬು ಮಾತ್ರ. ಬ್ಯಾಟರಿ ಇಲ್ಲ, ಕರೆಂಟ್ ಇಲ್ಲ. ಪಾರ್ಕಿನ್ಸನ್ ಇರುವ ಕೆಲವರಿಗೆ ಮೆದುಳಿಗೆ ತಂತಿ ಇಳಿಸಿ, ಎದೆಯ ಚರ್ಮದಡಿ ಬ್ಯಾಟರಿ ಇಡುತ್ತಾರಲ್ಲ, ಅದು ಬೇರೆ. ನಮ್ಮ ಭಾವ ಮಾತ್ರ ಇವತ್ತಿಗೂ ಫೋನ್ ಮಾಡಿದರೆ "ಚಾರ್ಜ್ ಆಯ್ತೇನಮ್ಮಾ?" ಅಂತಲೇ ಕೇಳುವುದು.

ನನಗಿರುವುದು ಬ್ಲಡ್ ಕ್ಯಾನ್ಸರ್. ಬೆನ್ನುಮೂಳೆಯಿಂದ ತೆಗೆದ ನೀರಿನಲ್ಲೂ ಕ್ಯಾನ್ಸರ್ ಕಣಗಳು ಸಿಕ್ಕಿದವು. ಕೈಯ ನರಕ್ಕೆ ಅಷ್ಟೊಂದು ಕೀಮೋ ಹಾಕುತ್ತಿದ್ದೀರಲ್ಲ, ಅದೇ ತಲೆಗೂ ಹೋಗಲ್ವಾ ಅಂತ ಕೇಳಿದೆ. ಆಗ ಡಾಕ್ಟರ್ ಹೇಳಿದ ಕಥೆ ನನಗೆ ಚೆನ್ನಾಗಿ ತಲೆಗೆ ಹತ್ತಿತು, ಯಾಕೆಂದರೆ ಅದು ಬಣ್ಣದ ಕಥೆ. 1885ರಲ್ಲಿ ಪಾಲ್ ಎರ್ಲಿಕ್ ಎಂಬ ಜರ್ಮನಿಯ ವಿಜ್ಞಾನಿ ಪ್ರಾಣಿಗಳ ರಕ್ತಕ್ಕೆ ಬಣ್ಣ ಬಿಟ್ಟು ನೋಡಿದರಂತೆ. ಮೈಯೊಳಗೆಲ್ಲ ಬಣ್ಣ ಹಿಡಿಯಿತು, ಮೆದುಳಿಗೆ ಮಾತ್ರ ಇಲ್ಲ. ಮೆದುಳಿಗೆ ಬಣ್ಣ ಹತ್ತುವ ಗುಣವೇ ಇಲ್ಲ ಅಂದುಕೊಂಡರು. 1913ರಲ್ಲಿ ಅವರ ಶಿಷ್ಯ ಗೋಲ್ಡ್‌ಮನ್ ಬಣ್ಣವನ್ನು ರಕ್ತಕ್ಕೆ ಬಿಡದೆ ನೇರ ಮೆದುಳಿನ ಸುತ್ತಲಿನ ನೀರಿಗೇ ಬಿಟ್ಟರು. ಈ ಸಲ ಮೆದುಳಿಗೆ ಬಣ್ಣ ಹತ್ತಿತು, ಉಳಿದ ಮೈಗೆ ಹತ್ತಲಿಲ್ಲ. ಅಂದರೆ ಬಟ್ಟೆಯ ದೋಷ ಅಲ್ಲ. ಬಣ್ಣವನ್ನು ಬಟ್ಟೆಯ ಹತ್ತಿರ ಬಿಡದ ಒಂದು ಪರದೆ ನಡುವೆ ಇದೆ. ಎಷ್ಟೋ ಔಷಧಗಳಿಗೂ ಅದೇ ಪರದೆ ಅಡ್ಡ. ಅದನ್ನು ದಾಟುವುದು ಕಷ್ಟ, ಹಾಗಾಗಿ ಪಕ್ಕದ ಬಾಗಿಲಿಂದ ಒಳಗೆ ಹೋಗಬೇಕು.

ಆ ಪಕ್ಕದ ಬಾಗಿಲು ಮೊದಲು ಬೆನ್ನಿನಲ್ಲಿತ್ತು. 6 ಸಲ ಬೆನ್ನಿಗೆ ಚುಚ್ಚಿಸಿಕೊಂಡೆ. ಮಂಡಿಯನ್ನು ಹೊಟ್ಟೆಗೆ ತಂದು, ಗದ್ದವನ್ನು ಎದೆಗೆ ಒತ್ತಿ, ಮುದುಡಿ ಮಲಗಬೇಕು. ಮೊದಲ ಮೂರು ಸಲ ಪರವಾಗಿಲ್ಲ. ನಾಲ್ಕನೆಯ ಸಲ ಮೂಳೆಯ ಸಂದಿ ಸಿಗದೆ ಮೂರು ಕಡೆ ಚುಚ್ಚಿದರು. ಅದಾದ ಮೇಲೆ ಐದು ದಿನ ತಲೆನೋವು. ಅದು ವಿಚಿತ್ರ ತಲೆನೋವು. ಮಲಗಿದರೆ ಇರುವುದಿಲ್ಲ, ಎದ್ದು ಕೂತರೆ ಶುರು. ಮೆಷಿನ್ ಮುಂದೆ ಕೂತು ಹೊಟ್ಟೆ ಹೊರೆಯುವವಳು ನಾನು. ಮಲಗಿಕೊಂಡು ಹೊಲಿಯೋಕಾಗುತ್ತಾ? ಮುಂದೆ ಇನ್ನೂ 20ಕ್ಕಿಂತ ಜಾಸ್ತಿ ಇಂಜೆಕ್ಷನ್ ಬಾಕಿ ಇವೆ ಅಂದಾಗ ಅಳುವೇ ಬಂತು. ಆಗ ಬಂದದ್ದು ಈ ಗುಂಡಿಯ ಮಾತು.

ಇನ್ನೊಂದು ಕಾರಣವನ್ನೂ ಹೇಳಿದರು. ದೊಡ್ಡವರಲ್ಲಿ ಮೆದುಳು ಮತ್ತು ಬೆನ್ನುಹುರಿಯ ಸುತ್ತ ಇರುವ ನೀರು ಸುಮಾರು 150 ಮಿಲಿಲೀಟರ್. ದಿನಕ್ಕೆ ಅರ್ಧ ಲೀಟರಿನಷ್ಟು ಹೊಸದಾಗಿ ಊರುತ್ತದೆ, ಹಳೆಯದು ರಕ್ತಕ್ಕೆ ಸೇರಿ ಹೋಗುತ್ತದೆ. ಊರುವ ಜಾಗ ಹೆಚ್ಚಾಗಿ ಮೆದುಳಿನೊಳಗಿನ ಆ ಕೋಣೆಗಳೇ. ಸೊಂಟದ ಹತ್ತಿರ ಹಾಕಿದ ಔಷಧ ಅಲ್ಲಿಯವರೆಗೆ ಒಂದೇ ಸಮ ಏರುತ್ತದೆ ಅಂತ ಹೇಳಲಾಗದು. ಕೋಣೆಯಲ್ಲೇ ಬಿಟ್ಟರೆ ನೀರು ಹರಿಯುವ ದಾರಿ ಹಿಡಿದು ತಾನೇ ಕೆಳಗೆ ಬರುತ್ತದೆ. ಕಾಲುವೆಯ ಕೊನೆಯಲ್ಲಿ ನಿಂತು ಮೇಲಕ್ಕೆ ನೀರು ತಳ್ಳುವುದಕ್ಕಿಂತ ತೂಬಿನ ಹತ್ತಿರ ಬಿಡುವುದು ವಾಸಿ ತಾನೆ?

ಆಪರೇಷನ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಪೂರ್ತಿ ಮತ್ತು ಬರಿಸಿದ್ದರು. ಎದ್ದಾಗ ಬ್ಯಾಂಡೇಜು, ಹೊಲಿಗೆ ಜಾಗದಲ್ಲಿ ಉರಿ. ನಳಿಗೆಯ ತುದಿ ಸರಿಯಾದ ಕಡೆ ಕೂತಿದೆಯಾ ಅಂತ ಸ್ಕ್ಯಾನ್ ಮಾಡಿ ನೋಡಿದ ಮೇಲೆಯೇ ಬಳಸಿದ್ದು. ಹೊಲಿಗೆ ಮಾತ್ರ ನಾನು ಕನ್ನಡಿಯಲ್ಲಿ ತುಂಬಾ ಹೊತ್ತು ನೋಡಿದೆ. ಅರ್ಧ ಚಂದ್ರದ ಹಾಗೆ ಗುಂಡಿಯನ್ನು ಬಳಸಿ ಹೋಗಿದೆ, ಗುಂಡಿಯ ಮೇಲೆ ಹಾದಿಲ್ಲ. ಚುಚ್ಚುವ ಜಾಗದ ಮೇಲೆ ಗಾಯದ ಗೆರೆ ಬರಬಾರದಂತೆ. ಕಟಿಂಗ್ ಗೊತ್ತಿರುವ ಕೈ ಅದು. ಅದಕ್ಕೊಂದು ಪೂರ್ತಿ ಸ್ಟಾರ್.

ಈಗ ಒಂದು ದಿನದ ಕೆಲಸ ಹೇಗಿರುತ್ತದೆ ಹೇಳುತ್ತೇನೆ. ತಲೆದಿಂಬು ಸ್ವಲ್ಪ ಎತ್ತರಿಸಿ ಮಲಗಿಸುತ್ತಾರೆ. ಡಾಕ್ಟರ್ ಮಾಸ್ಕ್, ಗೌನ್, ಹೊಸ ಗ್ಲೌಸ್ ಹಾಕಿಕೊಳ್ಳುತ್ತಾರೆ. ಗುಂಡಿಯ ಮೇಲೆ ಕಂದು ಬಣ್ಣದ ಅಯೋಡಿನ್ ಹಚ್ಚಿ ಒಣಗಲು ಬಿಡುತ್ತಾರೆ. ಒಣಗುವವರೆಗೆ ಕಾಯುವವರು ಒಳ್ಳೆಯ ಡಾಕ್ಟರ್ ಅನ್ನುವುದು ನನ್ನ ಲೆಕ್ಕ. ಆಮೇಲೆ ಚಿಟ್ಟೆಯ ರೆಕ್ಕೆ ಇರುವ ಸಣ್ಣ ಸೂಜಿಯನ್ನು ಓರೆಯಾಗಿ ಇಳಿಸುತ್ತಾರೆ. ಮೊದಲು ನೀರು ಹೊರಗೆ ಬರುತ್ತದೆ. ತಿಳಿ ನೀರು, ಬಾವಿಯಿಂದ ಆಗಷ್ಟೇ ಸೇದಿದ ಹಾಗೆ. ಅದರಲ್ಲಿ ಸ್ವಲ್ಪ ಲ್ಯಾಬಿಗೆ. ಎಷ್ಟು ತೆಗೆದರೋ ಹೆಚ್ಚು ಕಡಿಮೆ ಅಷ್ಟೇ ಔಷಧ ಒಳಗೆ ಬಿಡುತ್ತಾರೆ, ನಿಧಾನಕ್ಕೆ, ಕೆಲವು ನಿಮಿಷ ಹಿಡಿದು. ಮೆಥೊಟ್ರೆಕ್ಸೇಟ್ ಆದರೆ ನಿಂಬೆಹಣ್ಣಿನ ಸಿಪ್ಪೆಯ ಹಳದಿ. ಸೈಟರಾಬಿನ್ ಆದರೆ ಬಣ್ಣವೇ ಇಲ್ಲ. ಸೂಜಿ ತೆಗೆದು, ಗುಂಡಿಯನ್ನು ಬೆರಳಿನಿಂದ ನಾಲ್ಕೈದು ಸಲ ಮೆಲ್ಲಗೆ ಒತ್ತುತ್ತಾರೆ, ಒಳಗೆ ಉಳಿದದ್ದು ನಳಿಗೆಯಲ್ಲಿ ಕೆಳಗೆ ಹೋಗಲಿ ಅಂತ. ಒತ್ತುವಾಗ ಚರ್ಮಕ್ಕೆ ಗೊತ್ತಾಗುತ್ತದೆ, ಒಳಗೆ ಏನೂ ಗೊತ್ತಾಗುವುದಿಲ್ಲ. ನೋವೆಲ್ಲ ಮೆದುಳಿಗೆ ಗೊತ್ತಾಗುತ್ತದೆ, ಮೆದುಳಿಗೆ ನೋವಾಗುವುದಿಲ್ಲವಂತೆ!

ಮೊದಲ ತಿಂಗಳು ವಾರಕ್ಕೆ ಎರಡು, ಎರಡನೆಯ ತಿಂಗಳು ವಾರಕ್ಕೆ ಒಂದು, ಆಮೇಲೆ ತಿಂಗಳಿಗೊಂದು. ಇಷ್ಟು ಸಲ ಚುಚ್ಚಿದರೆ ಜರಡಿ ಆಗಲ್ವಾ ಅಂತ ನನಗೆ ಭಯ ಇತ್ತು. ರೆಕ್ಸಿನ್ ಹೊಲಿದವರಿಗೆ ಗೊತ್ತು, ಒಂದು ಸಲ ಸೂಜಿ ಬಿದ್ದರೆ ಆ ತೂತು ಜನ್ಮಕ್ಕೂ ಮುಚ್ಚುವುದಿಲ್ಲ. ತಪ್ಪಿದರೆ ಬಿಚ್ಚಿ ಹೊಲಿಯುವ ಹಾಗೇ ಇಲ್ಲ. ಸಿಲಿಕೋನ್ ಹಾಗಲ್ಲ. ಸೂಜಿ ಹೊರಗೆ ಬಂದ ಕೂಡಲೇ ತಾನೇ ಕೂಡಿಕೊಳ್ಳುತ್ತದೆ. ಸೂಜಿ ಸಣ್ಣದಿರಬೇಕು, ಪ್ರತಿ ಸಲ ಜಾಗ ಸ್ವಲ್ಪ ಬದಲಿಸಬೇಕು, ಅಷ್ಟೇ. ಈ ವಸ್ತುವಿನ ನಿಜವಾದ ಜಾಣತನ ಇದರಲ್ಲೇ ಇದೆ ಅನ್ನಿಸುತ್ತದೆ ನನಗೆ.

ಇದನ್ನು ಮಾಡಿದವರು ಅಯೂಬ್ ಒಮ್ಮಾಯಾ. 1930ರಲ್ಲಿ ಈಗಿನ ಪಾಕಿಸ್ತಾನದ ಪಂಜಾಬಿನಲ್ಲಿ ಹುಟ್ಟಿ, ಲಾಹೋರಿನಲ್ಲಿ ಡಾಕ್ಟರ್ ಓದಿ, ಆಕ್ಸ್‌ಫರ್ಡಿಗೆ ಹೋಗಿ, ಆಮೇಲೆ ಅಮೆರಿಕದಲ್ಲಿ ನರಶಸ್ತ್ರವೈದ್ಯರಾದವರು. 1963ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. 60 ವರ್ಷ ದಾಟಿದರೂ ಮೂಲ ವಿನ್ಯಾಸ ಅದೇ ಗುಮ್ಮಟ, ಅದೇ ನಳಿಗೆ. ನನ್ನ ಕಾಲ್ತುಳಿ ಮೆಷಿನ್ ಕೂಡ ಹಾಗೇ, ಯಾರಿಗೂ ಬದಲಾಯಿಸಬೇಕು ಅನ್ನಿಸಿಲ್ಲ. ಕ್ಯಾನ್ಸರ್‌ಗೆ ಮಾತ್ರ ಅಲ್ಲ. ಸಿಎಲ್‌ಎನ್2 ಅನ್ನುವ ಅಪರೂಪದ ಕಾಯಿಲೆಯ ಮಕ್ಕಳಿಗೆ 2017ರಲ್ಲಿ ಒಪ್ಪಿಗೆ ಸಿಕ್ಕ ಒಂದು ಔಷಧವನ್ನು ಎರಡು ವಾರಕ್ಕೊಮ್ಮೆ ಇಂಥದೇ ಗುಂಡಿಯ ಮೂಲಕ ಗಂಟೆಗಟ್ಟಲೆ ಬಿಡುತ್ತಾರೆ. ಅಷ್ಟು ಚಿಕ್ಕ ಮಕ್ಕಳನ್ನು ಅಷ್ಟು ಹೊತ್ತು ಅಲುಗಾಡದ ಹಾಗೆ ಹೇಗೆ ಮಲಗಿಸುತ್ತಾರೋ!

ಇನ್ನು ದೂರುಗಳು. ಗುಂಡಿ ಹಾಕಿಸಿದರೆ ಸುಖ ಅಂದುಕೊಳ್ಳಬೇಡಿ. ಇದು ಬರೀ ದಾರಿ, ಆ ದಾರಿಯಲ್ಲಿ ಬರುವುದು ಅದೇ ಕೀಮೋ. ಮಾರನೆಯ ದಿನ ತಲೆಭಾರ, ವಾಂತಿ, ಕೆಲವೊಮ್ಮೆ ಜ್ವರ. ಒಂದು ಸಲ ಹೊಸಬರು ಯಾರೋ ಬಂದು ಸಿರಿಂಜನ್ನು ಜೋರಾಗಿ ಎಳೆದರು. ಗುಮ್ಮಟ ತಗ್ಗಿಹೋಯಿತು, ನೀರೂ ಬರಲಿಲ್ಲ, ನನಗೆ ತಲೆ ಸಿಡಿದ ಹಾಗಾಗಿ ಅಲ್ಲೇ ವಾಂತಿ. "ನಿಧಾನ ಡಾಕ್ಟ್ರೇ, ದಾರ ಗಂಟಾದಾಗ ಎಳೆದರೆ ಬಿಗಿಯುತ್ತದೆ" ಅಂದೆ. ನಕ್ಕರು, ಆದರೆ ಎರಡನೆಯ ಸಲ ನಿಧಾನಕ್ಕೇ ಎಳೆದರು.

ದೊಡ್ಡ ಭಯ ಸೋಂಕು. ಹೊರಗಿನ ಚರ್ಮದ ಮೇಲಿರುವ ಸಾಮಾನ್ಯ ಬ್ಯಾಕ್ಟೀರಿಯಾ ಸೂಜಿಯ ಜೊತೆ ಒಳಗೆ ಹೋದರೆ ನೇರ ಮೆದುಳಿನ ನೀರಿಗೇ ದಾರಿ. ಐದನೆಯ ತಿಂಗಳಲ್ಲಿ ಒಂದು ರಾತ್ರಿ ನನಗೆ ಚಳಿಜ್ವರ. ನಮ್ಮ ಆಸ್ಪತ್ರೆ ದೂರ ಅಂತ ಹತ್ತಿರದ ಇನ್ನೊಂದಕ್ಕೆ ಹೋದೆವು. ಡ್ಯೂಟಿಯಲ್ಲಿದ್ದವರು ಗ್ಲೌಸ್ ಇಲ್ಲದ ಹೆಬ್ಬೆರಳಿನಿಂದ ಗುಂಡಿಯನ್ನು ಒತ್ತಿ ನೋಡಿ, "ಇದೇ ಕಾರಣ, ಗಂಟು ಕೀವಾಗಿದೆ, ಕೊಯ್ದು ಕ್ಲೀನ್ ಮಾಡಿಬಿಡೋಣ" ಅಂದರು. ನನಗೆ ಮಾತಾಡುವ ತ್ರಾಣ ಇರಲಿಲ್ಲ. ನಮ್ಮ ಮನೆಯವರು ಎಂದೂ ದನಿ ಎತ್ತುವವರಲ್ಲ. ಅವತ್ತು ಮಂಚಕ್ಕೆ ಅಡ್ಡ ನಿಂತು, ಪರ್ಸಿನಿಂದ ಗುಂಡಿಯ ವಿವರ ಇರುವ ಕಾರ್ಡ್ ತೆಗೆದು ಅವರ ಮುಖದ ಮುಂದೆ ಹಿಡಿದರು. "ಇದು ಗಂಟಲ್ಲ ಸಾರ್, ಇದರ ಕೆಳಗೆ ಮೆದುಳಿದೆ." ಅಲ್ಲಿಂದ ನಮ್ಮ ಆಸ್ಪತ್ರೆಗೆ ಹೋದೆವು. ನೀರು ತೆಗೆದು ನೋಡಿದರು, ಸೋಂಕಿರಲಿಲ್ಲ, ಮಾಮೂಲಿ ವೈರಲ್ ಜ್ವರ. ಡಿಸ್ಚಾರ್ಜ್ ಆಗುವಾಗ ಕೊಡುವ ಆ ಕಾರ್ಡನ್ನು ಫೈಲಿನಲ್ಲಿ ಹೂತಿಡಬೇಡಿ, ಮೈಮೇಲೆ ಇಟ್ಟುಕೊಳ್ಳಿ. ಒಂದು ಫೋಟೋ ಮನೆಯವರ ಫೋನಿನಲ್ಲೂ ಇರಲಿ.

ನಾನು ಬಾಯಿಬಿಟ್ಟು ಕೇಳುವುದು ಇನ್ನೊಂದು. ವಿನ್‌ಕ್ರಿಸ್ಟಿನ್ ಅನ್ನುವ ಕೀಮೋ ನನಗೂ ಇತ್ತು, ಕೈಯ ನರಕ್ಕೆ. ಅದು ನರಕ್ಕೆ ಹೋದರೆ ಔಷಧ. ಕೈತಪ್ಪಿ ಮೆದುಳಿನ ನೀರಿಗೆ ಹೋದರೆ ಜೀವ ಉಳಿಯುವುದೇ ಅಪರೂಪ. ಬೇರೆ ಬೇರೆ ದೇಶಗಳಲ್ಲಿ ಹಾಗೆ ಆಗಿದೆ ಕೂಡ. ಅದಕ್ಕೇ 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಸಿರಿಂಜಿನಲ್ಲಿ ಇಡಲೇಬೇಡಿ, ಚಿಕ್ಕ ಡ್ರಿಪ್ ಚೀಲದಲ್ಲಿ ಬೆರೆಸಿ ಕೊಡಿ ಅಂತ ಹೇಳಿತು. ಸಿರಿಂಜೇ ಇಲ್ಲದಿದ್ದರೆ ತಪ್ಪು ಜಾಗಕ್ಕೆ ಚುಚ್ಚುವುದಾದರೂ ಹೇಗೆ? ನಮ್ಮ ವಾರ್ಡಿನಲ್ಲಿ ವಿನ್‌ಕ್ರಿಸ್ಟಿನ್, ಗುಂಡಿಯ ಔಷಧ ಎರಡನ್ನೂ ಒಂದೇ ದಿನ ಇಡುತ್ತಿರಲಿಲ್ಲ. ಇಬ್ಬರು ಸಿಸ್ಟರ್‌ಗಳು ಲೇಬಲ್ ಅನ್ನು ಜೋರಾಗಿ ಓದುತ್ತಿದ್ದರು: ನನ್ನ ಹೆಸರು, ಔಷಧದ ಹೆಸರು, ಎಲ್ಲಿಗೆ ಹಾಕುವುದು. ಓದದೆ ಶುರು ಮಾಡಿದರೆ ನಾನೇ "ಓದಿ ಸಿಸ್ಟರ್" ಅನ್ನುತ್ತಿದ್ದೆ. ಒಬ್ಬರು ಮುಖ ಸಿಂಡರಿಸಿದರು. ಸಿಂಡರಿಸಲಿ. ಅಳತೆ ಎರಡು ಸಲ ತೆಗೆಯದೆ ಕತ್ತರಿ ಇಡುವವಳಲ್ಲ ನಾನು.

ಬೇರೆ ಕಿರಿಕಿರಿಗಳೂ ಇವೆ, ಸಣ್ಣವು. ಬಲಗಡೆ ತಿರುಗಿ ಮಲಗಿದರೆ ಒತ್ತುತ್ತದೆ. ಬಾಚಣಿಗೆ ಸಿಕ್ಕಿಕೊಳ್ಳುತ್ತದೆ. ಹೆಲ್ಮೆಟ್ ಹಾಕುವ ಮುಂಚೆ ಡಾಕ್ಟರನ್ನು ಕೇಳಬೇಕು. ಮಗಳಿಗೆ ಮುಟ್ಟಬೇಡ ಅಂತ ಎಷ್ಟು ಹೇಳಿದರೂ ಬೆರಳು ಅಲ್ಲಿಗೇ ಹೋಗುತ್ತದೆ.

5ಕ್ಕೆ 4 ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ವಸ್ತುವಿನ ತಪ್ಪಿಗಲ್ಲ, ಇದನ್ನು ನೋಡಿದರೆ ಗುರುತು ಸಿಗದ ಕೈಗಳು ಇನ್ನೂ ಆಸ್ಪತ್ರೆಗಳಲ್ಲಿ ಇವೆ ಅನ್ನುವುದಕ್ಕೆ. ಒಂದೆರಡು ಇಂಜೆಕ್ಷನ್ ಮಾತ್ರ ಬೇಕಾದವರಿಗೆ ಬುರುಡೆ ತೂತು ಮಾಡಿಸುವ ಉಸಾಬರಿ ಬೇಡ, ಬೆನ್ನೇ ಸಾಕು. ನನ್ನ ಹಾಗೆ ತಿಂಗಳುಗಟ್ಟಲೆ ಇರುವವರು ಡಾಕ್ಟರ್ ಹತ್ತಿರ ಒಮ್ಮೆ ಕೇಳಿ ನೋಡಿ.

ಕಳೆದ ಮೂರು ಸಲದ ನೀರಿನಲ್ಲಿ ಕಣಗಳು ಸಿಕ್ಕಿಲ್ಲ. ತೆಗೆಸುತ್ತೀರಾ, ಬಿಡುತ್ತೀರಾ ಅಂತ ಡಾಕ್ಟರ್ ಕೇಳಿದರು. ಸದ್ಯಕ್ಕೆ ಇರಲಿ ಅಂದೆ. ಮತ್ತೆ ಬೇಕಾದರೆ ಬೆನ್ನು ಬಗ್ಗಿಸುವ ಆಸೆ ನನಗಿಲ್ಲ.

ಟೋಪಿ ಬಗ್ಗೆ ವಾರ್ಡಿನಲ್ಲಿ ನಾಲ್ಕೈದು ಜನ ಕೇಳಿದ್ದರು, ಅದಕ್ಕೇ ಇಲ್ಲೇ ಹೇಳಿಬಿಡುತ್ತೇನೆ. ರೆಡಿಮೇಡ್ ಟೋಪಿಯ ಎಲಾಸ್ಟಿಕ್ ಸರಿಯಾಗಿ ಗುಂಡಿಯ ಮೇಲೇ ಬಂದು ಉಜ್ಜುತ್ತದೆ. ತೊಳೆದು ಮೆತ್ತಗಾದ ಹತ್ತಿ ಬಟ್ಟೆ ತಗೊಳ್ಳಿ. ಬಲಭಾಗಕ್ಕೆ ಒಂದೂವರೆ ಇಂಚು ಜಾಸ್ತಿ ಬಿಟ್ಟು ಅಲ್ಲಿ ಎರಡು ಸಡಿಲ ನೆರಿಗೆ ಹಿಡಿಯಿರಿ. ಜೋಡಣೆಯ ಹೊಲಿಗೆ ನಡುನೆತ್ತಿಗೆ ಬರಬಾರದು, ಎಡಗಿವಿಯ ಹಿಂದೆ ಬರಲಿ. 11ನೇ ನಂಬರ್ ಸೂಜಿ ಸಾಕು, ನಮ್ಮ ಲೆಕ್ಕದ್ದು.