ಸಣ್ಣ ಗಾಲಿಯ ಚೇರೋ, ದೊಡ್ಡ ಗಾಲಿಯದೋ? ಅವ್ವನಿಗೆ ಗುಮ್ಮಟ ತೋರಿಸಿ ಕಲಿತದ್ದು

ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯ ಕೋಟೆ, ಗುಮ್ಮಟ, ಗುಡಿ ಸುತ್ತಿಸಲು ವ್ಹೀಲ್‌ಚೇರ್ ಕೊಳ್ಳುವುದಾದರೆ ಹಿಂದೆ ದೊಡ್ಡ ಗಾಲಿ ಇರುವ ಹಳೇ ನಮೂನೆಯ ಕಬ್ಬಿಣದ್ದೇ ಕೊಳ್ಳಿ. ನಾನು ಮೊದಲು ತಂದದ್ದು ಅದಲ್ಲ.

ಎರಡು ವರ್ಷದ ಹಿಂದೆ ಅವ್ವನಿಗೆ ಲಕ್ವಾ ಹೊಡೆದು ಎಡಗಾಲು ಸೋತಾಗ ತಂದದ್ದು ಅಲ್ಯೂಮಿನಿಯಂ ಚೇರ್. ನಾಲ್ಕೂ ಗಾಲಿ ಸಣ್ಣವು, ಹಿಂದಿನವು 12 ಇಂಚು. ಅಂಗಡಿಯವನು ಒಂದೇ ಕೈಯಲ್ಲಿ ಎತ್ತಿ ತೋರಿಸಿದ, ನಾನು 7,500 ರೂಪಾಯಿ ಎಣಿಸಿದೆ. ಮನೆಯ ಟೈಲ್ಸ್ ಮೇಲೆ, ದವಾಖಾನೆಯ ಲಿಫ್ಟಿನಲ್ಲಿ ಚೆನ್ನಾಗಿಯೇ ಓಡಿತು. ಬಂದ ಬೀಗರಿಗೆಲ್ಲ ಮಡಚಿ ಬಿಚ್ಚಿ ತೋರಿಸಿದ್ದೂ ಆಯಿತು.

ಆಮೇಲೆ ಗೋಳಗುಮ್ಮಟಕ್ಕೆ ಹೋದೆವು. ಗೇಟಿನಿಂದ ಗುಮ್ಮಟದವರೆಗೆ ತೋಟದ ನಡುವೆ ಉದ್ದನೆಯ ದಾರಿ. ನಡೆಯುವವರಿಗೆ ಅದು ಸಪಾಟು. ಅಂಗೈಯಷ್ಟಿರುವ ಮುಂಗಾಲಿಗೆ ಮಾತ್ರ ಕಲ್ಲು ಕಲ್ಲಿನ ನಡುವಿನ ಸಂದೂ ಒಂದು ಕಂದಕ. ಗಾಲಿ ಸಿಕ್ಕಿ ಅಡ್ಡ ತಿರುಗುತ್ತದೆ, ಚೇರ್ ನಿಲ್ಲುತ್ತದೆ, ಕೂತವರು ಮುಂದೆ ಹೋಗುತ್ತಾರೆ. ಅವ್ವ ಎರಡು ಸಲ ಜೋಲಿ ಹೊಡೆದಳು. "ಸಾವಕಾಶ ದಬ್ಬೋ ತಮ್ಮಾ, ಗುಮ್ಮಟಾ ಎಲ್ಲೂ ಓಡಿ ಹೋಗೂದಿಲ್ಲ" ಅಂದಳು.

ನಿಜವಾದ ಪೀಡೆ ಕಾದಿದ್ದದ್ದು ಕಟ್ಟೆ ಹತ್ತುವಾಗ. ಗಾಲಿಯ ಇರುಸಿಗಿಂತ ಪಾವಟಿಗೆ ಎತ್ತರವಿದ್ದರೆ ಗಾಲಿ ಉರುಳಿ ಮೇಲೇರುವುದಿಲ್ಲ, ಗುದ್ದಿ ನಿಲ್ಲುತ್ತದೆ ಅಷ್ಟೆ. 12 ಇಂಚಿನ ಗಾಲಿಯ ಇರುಸು ನೆಲದಿಂದ ಬರೀ 6 ಇಂಚು. ಹಳೇ ಕಟ್ಟಡದ ಪಾವಟಿಗೆ ಹೆಚ್ಚುಕಡಿಮೆ ಒಂದು ಗೇಣು. ಬಂಡಿ ಹೂಡುತ್ತಿದ್ದ ಅಪ್ಪನ ಮಗ ನಾನು, ಇಷ್ಟು ಅಂಗಡಿಯಲ್ಲೇ ಹೊಳೆಯಬೇಕಿತ್ತು. ಕಾಲೇಜು ಹುಡುಗರು ಮೂವರು ಕೈ ಹಾಕಿದರು, ಪಲ್ಲಕ್ಕಿಯ ಹಾಗೆ ಎತ್ತಿಕೊಂಡು ಹೋದೆವು. ಅವ್ವ ಕಣ್ಣು ಬಿಟ್ಟದ್ದು ಒಳಗೆ, ಮಹಮ್ಮದ್ ಆದಿಲ್‌ಶಾಹನ ಗೋರಿಯ ಮುಂದೆ. ಹೊರಗಿನಿಂದ ಅಳೆದರೆ 44 ಮೀಟರ್ ಅಗಲದ ಗುಮ್ಮಟ, ಕೆಳಗೆ ಒಂದು ಕಂಬವಿಲ್ಲ. ಪಿಸುಗುಟ್ಟುವ ಗ್ಯಾಲರಿಗೆ ಏಳು ಅಂತಸ್ತಿನ ಇಕ್ಕಟ್ಟು ಮೆಟ್ಟಿಲು, ಅಲ್ಲಿಗೆ ಯಾವ ಚೇರೂ ಹೋಗದು. ಮೇಲೆ ಹುಡುಗರು ಹಾಕಿದ ಕೇಕೆ ಕೆಳಗೆ ಕೂತವಳಿಗೂ ಕೇಳಿಸಿತು. "ಇಷ್ಟ್ ಸಾಕು" ಅಂದಳು.

ಮುಂದಿನ ತಿಂಗಳು ಇಬ್ರಾಹಿಂ ರೋಜಾಕ್ಕೆ ಹೋಗುವಾಗ ಪಕ್ಕದ ಮನೆಯ ಕಾಕಾನ ಕಬ್ಬಿಣದ ಚೇರ್ ಕೇಳಿ ತಂದೆ. ಹಿಂದಿನ ಗಾಲಿ 24 ಇಂಚು, ಅಂದರೆ ಇರುಸು ಒಂದು ಫೂಟ್ ಎತ್ತರ. ಪಾವಟಿಗೆ ಬಂದಾಗ ಚೇರಿನ ಬೆನ್ನನ್ನು ಅದರ ಕಡೆ ತಿರುಗಿಸಿ, ಹಿಂದಕ್ಕೆ ವಾಲಿಸಿ, ಒಬ್ಬ ಮೇಲೆ ನಿಂತು ಹಿಡಿಕೆ ಜಗ್ಗಬೇಕು, ಇನ್ನೊಬ್ಬ ಮುಂದೆ ಚೌಕಟ್ಟು ಹಿಡಿದು ಒತ್ತು ಕೊಡಬೇಕು. ಕಾಲಿಡುವ ಹಲಗೆ ಹಿಡಿಯಬೇಡಿ, ಕಳಚಿ ಕೈಗೆ ಬರುತ್ತದೆ. ಒಂದೊಂದೇ ಪಾವಟಿಗೆ, ನಡುವೆ ಉಸಿರು. ಇಬ್ಬರೇ ಏರಿಸಿದೆವು. ಉಸುಕು, ಖಡಿ ಬಂದಲ್ಲೂ ಇದೇ ಉಪಾಯ: ತಿರುಗಿಸಿ ಹಿಂದಕ್ಕೆ ಜಗ್ಗಿ. ಗೋಡೆಯ ಮೇಲೆ ಕೊರೆದ ಅಕ್ಷರಗಳನ್ನೂ ಕಲ್ಲಿನ ಜಾಲಂಧ್ರವನ್ನೂ ಅವ್ವ ಕೂತೇ, ಕೈ ಚಾಚಿ ತೋರಿಸುತ್ತಾ ನೋಡಿದಳು.

ದೋಷ ಇಲ್ಲವೆಂದಲ್ಲ. ತೂಕ 18 ಕಿಲೋ. ನಮ್ಮ ಕಾರಿನ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಕೂತಿದೆ, ಹಾಗಾಗಿ ಚೇರ್ ಹಿಂದಿನ ಸೀಟಿಗೆ, ಒಬ್ಬರು ಮನೆಗೆ. ಯಾರು ಉಳಿಯಬೇಕು ಎಂಬ ಜಗಳ ಪ್ರತಿ ಸಲ. ಬೈಕು ನುಗ್ಗದಂತೆ ಇಕ್ಕಟ್ಟಾಗಿ ಮಾಡಿದ ಗೇಟುಗಳಲ್ಲಿ ಸಣ್ಣದು ತೂರುತ್ತದೆ, ಇದು ಸಿಕ್ಕಿಬೀಳುತ್ತದೆ. ಪಕ್ಕದ ದೊಡ್ಡ ಗೇಟ್ ತೆರೆಯಿರಿ ಎಂದು ಕಾವಲಿನವರನ್ನು ಕೇಳಬೇಕು.

ಬೆಳಗಾವಿ ಕೋಟೆಯಲ್ಲಿ ಎರಡೂ ಒಂದೇ, ಕಾರೇ ಒಳಗೆ ಹೋಗುತ್ತದೆ. 1204ರ ಕಮಲ ಬಸದಿಯ ಹತ್ತಿರ ಇಳಿದರಾಯಿತು. ಪಟ್ಟದಕಲ್ಲು ದೊಡ್ಡ ಗಾಲಿಯ ಊರು: ಹುಲ್ಲಿನ ಮೇಲೂ ಜಗ್ಗಿಕೊಂಡು ಹೋಗಬಹುದು. ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷನ ಗುಡಿಯ ಹೊರಗೋಡೆಗೇ ಒಂದು ತಾಸು ಬೇಕು, ಒಳಗೆ ಹೋಗದಿದ್ದರೂ ಹೋದ ಬಾಡಿಗೆ ಮುಟ್ಟಿತು. ಬಾದಾಮಿಯ ಗುಹೆಗೆ ಎರಡೂ ಬೇಡ, ಅಗಸ್ತ್ಯ ತೀರ್ಥದ ದಂಡೆಯಿಂದ ತಲೆ ಎತ್ತಿ ನೋಡಿ.

ಕೊನೆಗೆ ನಾನೂ ಒಂದು ಹಳೇ ಕಬ್ಬಿಣದ್ದು ತಂದೆ, 3,800 ರೂಪಾಯಿ. ಟಯರ್ ಗಟ್ಟಿ ರಬ್ಬರಿನದು, ಜಾಲಿ ಮುಳ್ಳಿಗೆ ಅಂಜಿಕೆಯಿಲ್ಲ. ಅಲ್ಯೂಮಿನಿಯಂ ಚೇರ್ ಈಗ ಪಡಸಾಲೆಯಿಂದ ಬಚ್ಚಲಿಗೆ, ಬಚ್ಚಲಿಂದ ಪಡಸಾಲೆಗೆ ಓಡಾಡುತ್ತದೆ.